ಮೂರು ಬಾರಿ ಸರೋವರಕ್ಕೆ ಜಾರಿದ ಊರು

ಸ್ವಿಟ್ಜರ್‌ಲೆಂಡ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಹಿಮ ಹೊದ್ದ ಶಿಖರಗಳು, ಕೈಗಡಿಯಾರ, ಚಾಕೊಲೇಟ್. ಎಲ್ಲವೂ ಅಚ್ಚುಕಟ್ಟಾಗಿರುವ, ಬಂಡೆಯಂತೆ ಗಟ್ಟಿಯಾದ ದೇಶ ಅದು ಎಂಬ ಭಾವನೆ ಹಲವರಲ್ಲಿದೆ. ಆದರೆ ಅದೇ ದೇಶದ ನಡುಭಾಗದಲ್ಲಿ, ಒಂದು ಸರೋವರದ ದಡದಲ್ಲಿ, ಪುಟ್ಟ ಊರೊಂದಿದೆ. ಅದರ ದಡದ ಮನೆಗಳು 1435, 1594 ಮತ್ತು 1887ರಲ್ಲಿ, ಹೀಗೆ ಮೂರು ಬಾರಿ, ನಿಂತ ನೆಲದ ಸಮೇತ ನೀರಿಗೆ ಜಾರಿಹೋಗಿವೆ. ಮೂರನೆಯ ಬಾರಿ ಅದು ನಡೆದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಆ ದಿನ ಭೂಕಂಪವೂ ಆಗಿರಲಿಲ್ಲ, ಪ್ರವಾಹವೂ ಬಂದಿರಲಿಲ್ಲ.

ಊರಿನ ಹೆಸರು ತ್ಸೂಗ್. ನಮ್ಮಲ್ಲಿ ಇದನ್ನು ಜುಗ್ ಎಂದು ಬರೆಯುವುದೂ ಉಂಟು. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ‘ಎಳೆತ’ ಎಂಬ ಅರ್ಥವಿದೆ. ರೈಲುಗಾಡಿಗೂ ಜರ್ಮನರು ಇದೇ ಪದ ಬಳಸುತ್ತಾರೆ, ಏಕೆಂದರೆ ಅದು ಎಳೆಯಲ್ಪಡುವ ಗಾಡಿ. ಆದರೆ ಊರಿಗೆ ಆ ಹೆಸರು ಬಂದದ್ದು ರೈಲಿಗಿಂತ ಎಷ್ಟೋ ಶತಮಾನ ಮೊದಲು. ಮೀನುಗಾರರು ಬಲೆ ಎಳೆಯುತ್ತಿದ್ದ ಜಾಗ ಇದು. ನೀರಿನಿಂದ ಹೆಸರು ಪಡೆದ ಊರು ನೀರಿನಿಂದಲೇ ಪೆಟ್ಟನ್ನೂ ತಿಂದಿತು.

ಹಿಮನದಿ ಕೊರೆದ ಬಟ್ಟಲು

ಜ್ಯೂರಿಕ್ ನಗರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ತ್ಸೂಗ್ ಸಿಗುತ್ತದೆ. ಸ್ವಿಟ್ಜರ್‌ಲೆಂಡ್‌ನ 26 ಕ್ಯಾಂಟನ್‌ಗಳಲ್ಲಿ, ಅಂದರೆ ರಾಜ್ಯಗಳಲ್ಲಿ, ಒಂದರ ಹೆಸರೂ ತ್ಸೂಗ್. ಈ ಊರೇ ಅದರ ರಾಜಧಾನಿ. ರಾಜ್ಯ ಎಂದೊಡನೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಅದರ ಒಟ್ಟು ವಿಸ್ತೀರ್ಣ ಸುಮಾರು 239 ಚದರ ಕಿಲೋಮೀಟರ್. ನಮ್ಮ ಅನೇಕ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ಊರಿನ ಜನಸಂಖ್ಯೆ 30 ಸಾವಿರದ ಆಸುಪಾಸು.

ಊರಿನ ಪೂರ್ವಕ್ಕೆ ತ್ಸೂಗರ್‌ಬೆರ್ಗ್ ಎಂಬ ಗುಡ್ಡ. ಪಶ್ಚಿಮಕ್ಕೆ ತ್ಸೂಗ್ ಸರೋವರ. ಆದ್ದರಿಂದಲೇ ಇಲ್ಲಿನ ಸೂರ್ಯಾಸ್ತಕ್ಕೆ ಹೆಸರಿದೆ: ಬೆನ್ನಿಗೆ ಬೆಟ್ಟವಿಟ್ಟುಕೊಂಡು ದಡದಲ್ಲಿ ಕುಳಿತರೆ ಸೂರ್ಯ ನೀರಿನಾಚೆ ಮುಳುಗುವುದು ಕಾಣುತ್ತದೆ. ಸರೋವರದ ವಿಸ್ತೀರ್ಣ ಸುಮಾರು 38 ಚದರ ಕಿಲೋಮೀಟರ್, ಉದ್ದ ಸುಮಾರು 14 ಕಿಲೋಮೀಟರ್, ಅತ್ಯಂತ ಆಳದ ಜಾಗದಲ್ಲಿ 198 ಮೀಟರ್. ಐವತ್ತು ಅಂತಸ್ತಿನ ಕಟ್ಟಡವನ್ನು ಅಲ್ಲಿ ನಿಲ್ಲಿಸಿದರೆ ಮುಳುಗಿಯೇ ಹೋಗುತ್ತದೆ.

ಇಷ್ಟು ಆಳದ ಗುಂಡಿ ಬಂದದ್ದು ಹೇಗೆ? ಹಿಮಯುಗದಲ್ಲಿ ಆಲ್ಪ್ಸ್ ಪರ್ವತಗಳಿಂದ ಇಳಿದ ಹಿಮನದಿಗಳು ಈ ಪ್ರದೇಶವನ್ನೆಲ್ಲ ಆವರಿಸಿದ್ದವು. ಹಿಮನದಿ ಎಂದರೆ ನಿಧಾನವಾಗಿ ಹರಿಯುವ ಮಂಜುಗಡ್ಡೆಯ ಹೊಳೆ. ಅದು ತನ್ನೊಡನೆ ಕಲ್ಲು ಬಂಡೆಗಳನ್ನು ಹೊತ್ತು, ಅಡಿಯ ನೆಲವನ್ನು ಉಜ್ಜಿ ಕೊರೆಯುತ್ತದೆ. ವಾತಾವರಣ ಬಿಸಿಯಾಗಿ ಮಂಜುಗಡ್ಡೆ ಹಿಂದೆ ಸರಿದಾಗ, ಕೊರೆದ ತಗ್ಗುಗಳಲ್ಲಿ ನೀರು ನಿಂತಿತು. ಹೀಗೆ ಹುಟ್ಟಿದ ಸರೋವರಗಳಲ್ಲಿ ತ್ಸೂಗ್ ಸರೋವರವೂ ಒಂದು.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ತೊರೆಗಳು ತಂದ ನುಣ್ಣನೆಯ ಹೂಳು ಸರೋವರದ ಅಂಚಿನಲ್ಲಿ ಪದರ ಪದರವಾಗಿ ಕೂರಲಾರಂಭಿಸಿತು. ಜೊತೆಗೆ ಇನ್ನೊಂದು ವಸ್ತುವೂ ಸೇರಿತು. ಸುಣ್ಣದ ಅಂಶವುಳ್ಳ ನೀರಿನಿಂದ ಜಲಸಸ್ಯಗಳು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡಾಗ, ಕರಗಿದ್ದ ಸುಣ್ಣ ಬಿಳಿಯ ಪುಡಿಯಾಗಿ ತಳಕ್ಕಿಳಿಯುತ್ತದೆ. ಇದನ್ನು ಅಲ್ಲಿನವರು ‘ಸರೋವರದ ಸೀಮೆಸುಣ್ಣ’ ಎಂದೇ ಕರೆಯುತ್ತಾರೆ. ಈ ಹೂಳು ಮತ್ತು ಸುಣ್ಣದ ಕೆಸರು ಸಾವಿರಾರು ವರ್ಷಗಳಾದರೂ ಕಲ್ಲಾಗಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆಲ್ಲ ನೀರು ತುಂಬಿಕೊಂಡೇ ಇತ್ತು. ಊರಿನ ದಡದ ಬೀದಿಗಳು ಎದ್ದದ್ದು ಇದರ ಮೇಲೆ.

ಕೆಸರು ಕಾಪಾಡಿದ ಕಾಲ

ಈ ಕೆಸರನ್ನು ಬರೀ ಖಳನಾಯಕನೆಂದು ತಿಳಿಯಬಾರದು. ತ್ಸೂಗ್ ಸರೋವರದ ದಡದಲ್ಲಿ ಮನುಷ್ಯರು ಆರು ಸಾವಿರ ವರ್ಷಗಳಿಗೂ ಹಿಂದೆಯೇ ನೆಲೆಸಿದ್ದರು ಎಂಬುದು ಗೊತ್ತಾಗಿರುವುದು ಇದರ ದಯೆಯಿಂದಲೇ.

ಆ ಜನ ನೀರಂಚಿನ ಮೆತ್ತನೆಯ ನೆಲದಲ್ಲಿ ಮರದ ಕಂಬಗಳನ್ನು ನೆಟ್ಟು ಮನೆ ಕಟ್ಟುತ್ತಿದ್ದರು. ಸಾಮಾನ್ಯವಾಗಿ ಮರ ಮಣ್ಣಿನಲ್ಲಿ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಕೊಳೆಸುವ ಶಿಲೀಂಧ್ರಗಳಿಗೂ ಬಹುಪಾಲು ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ನೀರು ತುಂಬಿದ ಕೆಸರಿನೊಳಗೆ ಆಮ್ಲಜನಕ ಸೇರುವುದಿಲ್ಲ. ಹಾಗಾಗಿ ಕಂಬ, ಬಟ್ಟೆಯ ಚೂರು, ಹಣ್ಣಿನ ಬೀಜ ಎಲ್ಲವೂ ಉಳಿದುಬಂದವು. ಊರಿನ ಅಂಚಿನ ಜುಂಪ್ಫ್ ಎಂಬಲ್ಲಿ ಸುಮಾರು 3000 ವರ್ಷ ಹಿಂದಿನ ಕಂಚಿನ ಯುಗದ ಹಳ್ಳಿಯೇ ಸಿಕ್ಕಿದೆ. ಜುಂಪ್ಫ್ ಎಂದರೆ ಜರ್ಮನ್‌ನಲ್ಲಿ ಜೌಗು ಎಂದರ್ಥ.

1999ರಲ್ಲಿ ಪಕ್ಕದ ಕಾಮ್ ಊರಿನ ಬಳಿ ಸರೋವರದಡಿ ಒಂದು ಕಲ್ಲಿನ ಕೊಡಲಿ ಸಿಕ್ಕಿತು. ಅದರ ಮರದ ಹಿಡಿ ಸುಮಾರು 120 ಸೆಂಟಿಮೀಟರ್ ಉದ್ದ. ಹಿಡಿಗೆ ಬರ್ಚ್ ಮರದ ತೊಗಟೆಯನ್ನು ಅಲಂಕಾರವಾಗಿ ಸುತ್ತಲಾಗಿತ್ತು. ಆರು ಸಾವಿರ ವರ್ಷಗಳ ನಂತರವೂ ಆ ತೊಗಟೆ ಉಳಿದಿತ್ತು! ಮರ ಕಡಿಯಲು ಅಲ್ಲ, ಅಧಿಕಾರದ ಗುರುತಾಗಿ ಹಿಡಿಯಲು ಮಾಡಿದ್ದಿರಬೇಕು ಎಂಬುದು ತಜ್ಞರ ಊಹೆ. ಆಲ್ಪ್ಸ್ ಸುತ್ತಲಿನ ಆರು ದೇಶಗಳ ಇಂಥ 111 ಕಂಬದ ಮನೆಗಳ ನೆಲೆಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತ್ಸೂಗ್‌ನ ನೆಲೆಗಳೂ ಅದರಲ್ಲಿವೆ.

ಗಡಿಯಾರದ ಗೋಪುರ

ಈಗಿನ ಊರು ಬೆಳೆದದ್ದು 13ನೇ ಶತಮಾನದಲ್ಲಿ. ಕೈಬುರ್ಗ್ ಎಂಬ ಶ್ರೀಮಂತ ಮನೆತನ ಇದನ್ನು ಕೋಟೆಯ ಪಟ್ಟಣವಾಗಿ ಕಟ್ಟಿತು. 1273ರಲ್ಲಿ ಹ್ಯಾಬ್ಸ್‌ಬುರ್ಗ್ ರಾಜಮನೆತನ ಇದನ್ನು ಕೊಂಡುಕೊಂಡಿತು. 1315ರಲ್ಲಿ ಹ್ಯಾಬ್ಸ್‌ಬುರ್ಗ್ ಸೇನೆ ಗುಡ್ಡಗಾಡಿನ ರೈತರನ್ನು ಬಗ್ಗುಬಡಿಯಲು ತ್ಸೂಗ್‌ನಿಂದಲೇ ಹೊರಟಿತು. ಮೊರ್ಗಾರ್ಟನ್ ಎಂಬ ಇಕ್ಕಟ್ಟಾದ ಜಾಗದಲ್ಲಿ ರೈತರು ಅದನ್ನು ಸೋಲಿಸಿಬಿಟ್ಟರು. ಸ್ವಿಸ್ ಮಕ್ಕಳು ಇಂದಿಗೂ ಶಾಲೆಯಲ್ಲಿ ಓದುವ ಯುದ್ಧ ಅದು. 1352ರಲ್ಲಿ ತ್ಸೂಗ್ ಅದೇ ರೈತರ ಒಕ್ಕೂಟಕ್ಕೆ ಸೇರಿತು.

ಹಳೆಯ ಊರಿನ ಹೆಗ್ಗುರುತು ತ್ಸಿಟ್‌ಟುರ್ಮ್, ಅಂದರೆ ಗಡಿಯಾರದ ಗೋಪುರ. 52 ಮೀಟರ್ ಎತ್ತರ. ಅದರ ಹೆಂಚುಗಳು ಕ್ಯಾಂಟನ್ನಿನ ಧ್ವಜದ ಬಣ್ಣದವು, ನೀಲಿ ಮತ್ತು ಬಿಳಿ. ಗೋಪುರದ ದೊಡ್ಡ ಗಡಿಯಾರದ ಕೆಳಗೆ 1574ರ ಇನ್ನೊಂದು ಖಗೋಳ ಗಡಿಯಾರವಿದೆ. ಅದರ ಮುಳ್ಳುಗಳು ತೋರಿಸುವುದು ಗಂಟೆ ನಿಮಿಷಗಳನ್ನಲ್ಲ. ವಾರ, ರಾಶಿ, ಚಂದ್ರನ ಕಲೆ, ಮತ್ತು ಅಧಿಕ ವರ್ಷವನ್ನು. ಅಂದರೆ ಅದರಲ್ಲಿನ ಒಂದು ಮುಳ್ಳು ಒಂದು ಸುತ್ತು ಬರಲು ನಾಲ್ಕು ವರ್ಷ ಬೇಕು!

ಆ ಗಡಿಯಾರ ಕೂರಿಸಿದ ಹತ್ತು ವರ್ಷಕ್ಕೆ ಅಧಿಕ ವರ್ಷದ ಲೆಕ್ಕವೇ ಯುರೋಪಿನಲ್ಲಿ ಜಗಳ ತಂದಿತು. ಹಳೆಯ ಜೂಲಿಯನ್ ಪಂಚಾಂಗ ಋತುಗಳಿಗಿಂತ ಹತ್ತು ದಿನ ಹಿಂದೆ ಬಿದ್ದಿತ್ತು. 1582ರಲ್ಲಿ ಪೋಪ್ ಗ್ರೆಗೊರಿ ಅದನ್ನು ತಿದ್ದಿಸಿದರು. ಕ್ಯಾಥೊಲಿಕ್ ಆಗಿಯೇ ಉಳಿದಿದ್ದ ತ್ಸೂಗ್ 1584ರ ಜನವರಿಯಲ್ಲಿ ಹತ್ತು ದಿನ ಬಿಟ್ಟು ಹೊಸ ಪಂಚಾಂಗಕ್ಕೆ ಬಂತು. ಪಕ್ಕದ ಜ್ಯೂರಿಕ್ ಪ್ರಾಟೆಸ್ಟಂಟ್. ಪೋಪರ ಮಾತು ಕೇಳಲು ಸಿದ್ಧವಿರಲಿಲ್ಲ. ಅದು ಬದಲಾಯಿಸಿದ್ದು 1701ರಲ್ಲಿ. ನೂರಕ್ಕೂ ಹೆಚ್ಚು ವರ್ಷ ತ್ಸೂಗ್‌ನವರು ಕ್ರಿಸ್‌ಮಸ್ ಆಚರಿಸಿ ಮುಗಿಸಿದ ಹತ್ತು ದಿನಗಳ ನಂತರ, ಒಂದೇ ದಿನದ ನಡಿಗೆಯ ದೂರದಲ್ಲಿದ್ದ ಜ್ಯೂರಿಕ್‌ನವರು ಹಬ್ಬ ಮಾಡುತ್ತಿದ್ದರು. ಸೂರ್ಯ ಒಬ್ಬನೇ, ತಾರೀಖು ಎರಡು.

ಮೊದಲ ಎರಡು ಕುಸಿತ

ಇನ್ನು ನೆಲದ ಕತೆಗೆ ಮರಳೋಣ. 1435ರ ಮಾರ್ಚ್ 4ರಂದು ಹಳೆಯ ಊರಿನ ನೀರಂಚಿನ ಬೀದಿ ಮನೆಗಳ ಸಮೇತ ಸರೋವರಕ್ಕೆ ಜಾರಿತು. ಸುಮಾರು 60 ಮಂದಿ ಸತ್ತರು. ಕೆಲವೇ ಸಾವಿರವೂ ಜನರಿಲ್ಲದ ಆಗಿನ ಪಟ್ಟಣಕ್ಕೆ ಇದು ಎಷ್ಟು ದೊಡ್ಡ ಆಘಾತ ಎಂದು ಊಹಿಸಬಹುದು. ಆದರೂ ಜನ ಊರು ಬಿಡಲಿಲ್ಲ. ಉಳಿದ ಬೀದಿಗಳಲ್ಲೇ ಇದ್ದರು, ಹೊಸ ಕೋಟೆ ಗೋಡೆ ಕಟ್ಟಿದರು, ಸಂತ ಓಸ್ವಾಲ್ಡರ ಹೆಸರಿನ ಇಗರ್ಜಿ ಎಬ್ಬಿಸಿದರು.

16ನೇ ಶತಮಾನದ ಕೊನೆಯಲ್ಲಿ ಇನ್ನೊಂದು ಸಾಹಸ ನಡೆಯಿತು. ಸರೋವರದಿಂದ ಲೋರ್ಟ್ಸೆ ನದಿ ಹೊರಹೋಗುವ ಜಾಗವನ್ನು 1591-92ರ ಸುಮಾರಿಗೆ ಅಗೆದು ತಗ್ಗು ಮಾಡಲಾಯಿತು. ನೀರಿನ ಮಟ್ಟ ಸುಮಾರು ಎರಡು ಮೀಟರ್ ಇಳಿಯಿತು. ದಡದಲ್ಲಿ ಹೊಸ ಭೂಮಿ ಸಿಕ್ಕಿತು. ಅದಾದ ಸ್ವಲ್ಪ ಕಾಲಕ್ಕೇ, 1594ರಲ್ಲಿ, ಮತ್ತೆ ಕೆಲವು ಮನೆಗಳು ನೀರು ಪಾಲಾದವು.

ಇವೆರಡಕ್ಕೂ ಸಂಬಂಧವಿರುವ ಸಾಧ್ಯತೆ ಹೆಚ್ಚು. ಸರೋವರದ ನೀರು ದಡವನ್ನು ಬದಿಯಿಂದ ಒತ್ತಿ ಹಿಡಿದಿರುತ್ತದೆ. ನೀರು ಇಳಿದಾಗ ಆ ಆಸರೆ ತಪ್ಪುತ್ತದೆ. ಆದರೆ ದಡದ ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಂಗಿಹೋಗುವುದಿಲ್ಲ. ಒಳಗೆ ಭಾರ ಹಾಗೇ ಉಳಿದು, ಹೊರಗಿನ ಊರುಗೋಲು ಮಾತ್ರ ಹೋದಂತಾಯಿತು. ಅಣೆಕಟ್ಟಿನ ನೀರನ್ನು ಒಮ್ಮೆಲೇ ಇಳಿಸಬಾರದು ಎಂದು ಇಂಜಿನಿಯರುಗಳು ಹೇಳುವುದಕ್ಕೆ ಇದೂ ಒಂದು ಕಾರಣ.

1887ರ ಜುಲೈ 5

19ನೇ ಶತಮಾನದಲ್ಲಿ ತ್ಸೂಗ್‌ಗೆ ಹೊಸ ಹುರುಪು ಬಂತು. 1864ರಲ್ಲಿ ರೈಲು ಬಂತು. ಪ್ರವಾಸಿಗರು ಬರತೊಡಗಿದರು. ಬೇರೆ ಸರೋವರದ ಊರುಗಳಂತೆ ತಮ್ಮಲ್ಲೂ ದಡದುದ್ದಕ್ಕೂ ಚಂದದ ತಡೆಗೋಡೆ, ವಿಹಾರದ ರಸ್ತೆ ಬೇಕು ಎಂದು ಊರವರು ಬಯಸಿದರು. ಕೆಲಸ ಶುರುವಾಯಿತು. ದಡದ ಕೆಸರಿನಲ್ಲಿ ಮರದ ಗೂಟಗಳನ್ನು ಹೊಡೆದರು. ಮಣ್ಣು ತುಂಬಿದರು. ಗೋಡೆ ಎದ್ದಿತು. ಕೆಲಸದ ನಡುವೆಯೇ ಬಿರುಕು ಕಾಣಿಸಿದವು. ಆದರೂ ಕೆಲಸ ಮುಂದುವರಿಯಿತು.

1887ರ ಜುಲೈ 5, ಮಂಗಳವಾರ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಹೊರಪೇಟೆಯಲ್ಲಿ ದಡದ ಒಂದು ತುಂಡು ಕುಸಿದು ಕೆಲವು ಕಟ್ಟಡಗಳು ನೀರಿಗೆ ಹೋದವು. ಜನ ಓಡಿ ಬಂದರು, ಸಾಮಾನು ಸಾಗಿಸಲು ತೊಡಗಿದರು. ಸಂಜೆ ಏಳರ ಸುಮಾರಿಗೆ ಇನ್ನೂ ದೊಡ್ಡ ತುಂಡು ಜಾರಿತು. ಮನೆಗಳ ಸಾಲೇ, ಒಂದು ಹೋಟೆಲ್ ಸಮೇತ, ಇಳಿದುಹೋಯಿತು. ಒಟ್ಟು 35 ಕಟ್ಟಡಗಳು ನಾಶವಾದವು. 11 ಮಂದಿ ಸತ್ತರು. ಸುಮಾರು 650 ಜನ ಮನೆ ಕಳೆದುಕೊಂಡರು. ಆಗ ಊರಿನ ಜನಸಂಖ್ಯೆ ಸುಮಾರು ಐದು ಸಾವಿರ. ಎಂಟರಲ್ಲಿ ಒಬ್ಬರು ಬೀದಿಗೆ ಬಿದ್ದಂತಾಯಿತು. ಎರಡು ಕುಸಿತಗಳ ನಡುವೆ ಮೂರು ಗಂಟೆಗೂ ಹೆಚ್ಚು ಬಿಡುವು ಸಿಕ್ಕಿದ್ದರಿಂದಲೇ ಸಾವಿನ ಸಂಖ್ಯೆ ಅಷ್ಟಕ್ಕೆ ನಿಂತಿತು.

ಕಾರಣ ಹುಡುಕಲು ಬಂದವರಲ್ಲಿ ಜ್ಯೂರಿಕ್‌ನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಒಬ್ಬರು. ಅವರು ಮತ್ತು ಇಬ್ಬರು ಇಂಜಿನಿಯರುಗಳು ಸೇರಿ ಬರೆದ ವರದಿ 1888ರಲ್ಲಿ ಹೊರಬಂತು. ದಡವನ್ನಷ್ಟೇ ನೋಡಿ ಅವರು ಸುಮ್ಮನಾಗಲಿಲ್ಲ. ನೀರಿನಡಿಯ ಆಳವನ್ನೂ ಅಳೆಸಿದರು. ಕುಸಿದ ಮಣ್ಣು ದಡದ ಬುಡದಲ್ಲಿ ಗುಡ್ಡೆಯಾಗಿ ಬಿದ್ದಿರಲಿಲ್ಲ. ತೀರ ಕಡಿಮೆ ಇಳಿಜಾರಿನ ತಳದ ಮೇಲೆ ಸುಮಾರು ಒಂದು ಕಿಲೋಮೀಟರ್ ದೂರ ಹರಿದುಹೋಗಿತ್ತು! ಘನವಾಗಿದ್ದ ನೆಲ ದ್ರವದಂತೆ ವರ್ತಿಸಿತ್ತು. ನೀರಿನಡಿಯ ಕುಸಿತವನ್ನು ಇಷ್ಟು ವಿವರವಾಗಿ ದಾಖಲಿಸಿದ ಮೊದಮೊದಲ ಅಧ್ಯಯನಗಳಲ್ಲಿ ಇದೂ ಒಂದು.

ನೆಲ ನೀರಾಗುವುದು ಹೇಗೆ?

ನೆನೆದ ಹೂಳಿನಲ್ಲಿ ಕಣಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಮೇಲಿನ ಮನೆಯ ಭಾರ ಕಣದಿಂದ ಕಣಕ್ಕೆ ಇಳಿಯುತ್ತದೆ. ಕಣಗಳ ಸಂದಿಯಲ್ಲಿ ನೀರಿರುತ್ತದೆ. ಗೂಟ ಹೊಡೆದು ಅದುರಿಸಿದಾಗ ಅಥವಾ ಮೇಲೆ ಮಣ್ಣು ಹೇರಿದಾಗ ಕಣಗಳು ಇನ್ನಷ್ಟು ಒತ್ತಾಗಿ ಕೂರಲು ಹೊರಡುತ್ತವೆ. ಅದಕ್ಕೆ ನಡುವಿನ ನೀರು ಜಾಗ ಬಿಡಬೇಕು. ದಪ್ಪ ಮರಳಾದರೆ ನೀರು ಸರಸರನೆ ಹೊರಬರುತ್ತದೆ. ನುಣ್ಣನೆಯ ಹೂಳಿನಲ್ಲಿ ಅದಕ್ಕೆ ದಾರಿಯಿಲ್ಲ. ಆಗ ಭಾರವನ್ನು ನೀರೇ ಹೊರಬೇಕಾಗುತ್ತದೆ. ಕಣಗಳ ಹಿಡಿತ ತಪ್ಪುತ್ತದೆ; ನೆಲ ಗಂಜಿಯಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಮುಕ್ಕಾಲು ಭಾಗ ಜರಡಿ ಹಿಡಿದ ಸಣ್ಣ ಮರಳನ್ನು ಮೆಲ್ಲಗೆ ಸುರಿಯಿರಿ, ಅದುಮಬೇಡಿ. ಅಂಚಿನಿಂದ ನಿಧಾನವಾಗಿ ನೀರು ಬಿಡಿ. ನೀರು ಮರಳಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಮೇಲೆ ಒಂದು ಭಾರವಾದ ಕಲ್ಲು ಅಥವಾ ತೂಕದ ಬಟ್ಟು ಇಡಿ. ಅದು ಅಲುಗದೆ ನಿಲ್ಲುತ್ತದೆ. ಈಗ ಡಬ್ಬಿಯ ಬದಿಗೆ ಕೈಯಿಂದ ಬೇಗಬೇಗ ತಟ್ಟಿ. ಕಲ್ಲು ಮುಳುಗುತ್ತದೆ, ಮರಳಿನ ಮೇಲೆ ನೀರು ಕಾಣಿಸುತ್ತದೆ. ಆ ನೀರು ಹೊಸದಾಗಿ ಬಂದದ್ದಲ್ಲ. ಮೊದಲಿನಿಂದಲೂ ಒಳಗೇ ಇದ್ದದ್ದು.

ತ್ಸೂಗ್‌ನಲ್ಲಿ ಮಧ್ಯಾಹ್ನ ಒಂದು ಕುಸಿತ, ಸಂಜೆ ಇನ್ನೊಂದು ಆದದ್ದೇಕೆ ಎಂಬುದೂ ಇದರಿಂದ ತಿಳಿಯುತ್ತದೆ. ಮುಂದಿನ ತುಂಡು ಹರಿದುಹೋದಾಗ ಅದರ ಹಿಂದಿನ ತುಂಡಿಗೆ ಆಸರೆ ಇಲ್ಲವಾಗುತ್ತದೆ. ಮೊದಲ ಕುಸಿತ ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿತು.

ಆಮೇಲಿನ ತ್ಸೂಗ್

ಊರವರು ಮುಳುಗಿದ ಜಾಗದಲ್ಲಿ ಮತ್ತೆ ಮನೆಗಳ ಸಾಲು ಎಬ್ಬಿಸಲಿಲ್ಲ. ಅಲ್ಲಿ ಉದ್ಯಾನ, ನಡೆದಾಡುವ ದಾರಿ ಮಾಡಿದರು. ದಡ ಒಳಕ್ಕೆ ಬಾಗಿ ಉಂಟಾದ ಆ ಪುಟ್ಟ ಕೊಲ್ಲಿಯನ್ನು ಇಂದಿಗೂ ‘ದುರಂತದ ಕೊಲ್ಲಿ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

1896ರಲ್ಲಿ ಊರಿನಲ್ಲಿ ವಿದ್ಯುತ್ ಮೀಟರಿನ ಸಣ್ಣ ಕಾರ್ಖಾನೆಯೊಂದು ಆರಂಭವಾಯಿತು. ಅದೇ ಮುಂದೆ ಲ್ಯಾಂಡಿಸ್ ಅಂಡ್ ಗಿಯರ್ ಎಂಬ ದೊಡ್ಡ ಕಂಪೆನಿಯಾಯಿತು. ಅದರ ಮೀಟರುಗಳು ಭಾರತಕ್ಕೂ ಬಂದಿವೆ. 20ನೇ ಶತಮಾನದಲ್ಲಿ ತೆರಿಗೆ ಕಡಿಮೆ ಮಾಡಿ ತ್ಸೂಗ್ ಹೊರಗಿನ ಕಂಪೆನಿಗಳನ್ನು ಕರೆಯಿತು. ಒಂದು ಕಾಲಕ್ಕೆ ಮೀನು, ಹಣ್ಣು ನಂಬಿದ್ದ ಊರು ಈಗ ಸ್ವಿಟ್ಜರ್‌ಲೆಂಡ್‌ನ ಅತಿ ಶ್ರೀಮಂತ ಊರುಗಳಲ್ಲೊಂದು. 2016ರಲ್ಲಿ ಪುರಸಭೆಯ ಸಣ್ಣ ಶುಲ್ಕಗಳನ್ನು ಬಿಟ್‌ಕಾಯಿನ್‌ನಲ್ಲಿ ಕಟ್ಟಿಸಿಕೊಂಡು ಸುದ್ದಿಯಾಯಿತು. ಸಿರಿತನಕ್ಕೂ ಬೆಲೆಯಿದೆ: ಮನೆ ಬಾಡಿಗೆ ಏರಿ, ಅಲ್ಲೇ ಹುಟ್ಟಿ ಬೆಳೆದವರಿಗೆ ಮನೆ ಸಿಗುವುದು ಕಷ್ಟವಾಗಿದೆ.

ಹಳೆಯ ರೂಢಿಗಳು ಪೂರ್ತಿ ಹೋಗಿಲ್ಲ. ಸುತ್ತಲಿನ ಚೆರ್ರಿ ತೋಟಗಳು ಹೆಸರುವಾಸಿ. ಹಿಂದೆ ಹಣ್ಣು ಮಾಗಿದಾಗ ಗಂಟೆ ಬಾರಿಸುತ್ತಿದ್ದರು; ಗಂಟೆ ಕೇಳಿದ ಮೇಲಷ್ಟೇ ಊರವರು ಏಣಿ ಹೊತ್ತು ಸಾಮೂಹಿಕ ಜಮೀನಿನ ಮರಗಳತ್ತ ಓಡಬಹುದಿತ್ತು. ಅದರ ನೆನಪಿಗೆ ಈಗ ಹಳೆಯ ಊರಿನ ಬೀದಿಗಳಲ್ಲಿ ಏಣಿ, ಬುಟ್ಟಿ ಹಿಡಿದು ಓಡುವ ಪಂದ್ಯ ನಡೆಯುತ್ತದೆ.

ಸರೋವರಕ್ಕೂ ಮನುಷ್ಯನಿಂದ ತೊಂದರೆ ತಪ್ಪಲಿಲ್ಲ. ಕಳೆದ ಶತಮಾನದಲ್ಲಿ ಚರಂಡಿ ನೀರು, ಹೊಲದ ಗೊಬ್ಬರ, ಬಟ್ಟೆ ಸೋಪಿನ ಪುಡಿಗಳಿಂದ ರಂಜಕ ಸೇರಿ ಪಾಚಿ ಹೆಚ್ಚಿತು. ಸತ್ತ ಪಾಚಿ ತಳದಲ್ಲಿ ಕೊಳೆಯುತ್ತ ಆಮ್ಲಜನಕವನ್ನು ತಿಂದುಹಾಕಿತು. ಲೋರ್ಟ್ಸೆ ನದಿ ಸರೋವರವನ್ನು ಸೇರುವುದೂ ಬಿಡುವುದೂ ಉತ್ತರದ ತುದಿಯಲ್ಲೇ. ದಕ್ಷಿಣದ ಆಳದ ನೀರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸರೋವರದ ನೀರು ಪೂರ್ತಿ ಬದಲಾಗಲು ಸರಾಸರಿ ಹದಿನಾಲ್ಕು ವರ್ಷಕ್ಕೂ ಹೆಚ್ಚು ಬೇಕು. 1986ರಲ್ಲಿ ಸ್ವಿಟ್ಜರ್‌ಲೆಂಡ್ ಬಟ್ಟೆ ಒಗೆಯುವ ಪುಡಿಗಳಲ್ಲಿ ಫಾಸ್ಫೇಟನ್ನು ನಿಷೇಧಿಸಿತು. ಚರಂಡಿ ನೀರನ್ನು ಶುದ್ಧೀಕರಣ ಘಟಕಗಳಿಗೆ ತಿರುಗಿಸಲಾಯಿತು. ಮೇಲಿನ ನೀರು ಸುಧಾರಿಸಿದೆ, ಆಳದ್ದು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಕೆಡಿಸಲು ಕೆಲವು ದಶಕ ಸಾಕಾದವು. ಸರಿಪಡಿಸಲು ಅದಕ್ಕಿಂತ ಹೆಚ್ಚು ಬೇಕು.

ಮನೆ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎಂದು ಇಂಜಿನಿಯರು ಹೇಳಿದಾಗ, ಅದು ಸುಮ್ಮನೆ ಖರ್ಚು ಎಂದು ಕೆಲವರಿಗೆ ಅನ್ನಿಸುತ್ತದೆ. ಮೇಲಿನಿಂದ ಗಟ್ಟಿಯಾಗಿ ಕಾಣುವ ನೆಲದಡಿ ಏನಿದೆ, ಎಷ್ಟು ನೀರಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ತ್ಸೂಗ್‌ನ ಗೋಡೆ ಬಿರುಕು ಬಿಟ್ಟಾಗ ನೆಲ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಅಂಥ ಬಿರುಕು ಕಂಡ ದಿನವೇ ಕೆಲಸ ನಿಲ್ಲಿಸಿ ಕಾರಣ ಕೇಳಬೇಕು. ಇಷ್ಟನ್ನು ಕಲಿಯಲು ಆ ಊರು ಕೊಟ್ಟ ಬೆಲೆ 11 ಜೀವ, 35 ಕಟ್ಟಡ.